ಫೋನ್, ಕಾರ್ಡ್, ಫಾಬ್: ಕರಾವಳಿ ಮತ್ತು ಘಟ್ಟದ ದಾರಿಯಲ್ಲಿ ಯಾವ ಕೀ ಯಾವಾಗ ಕೈಯಲ್ಲಿರಬೇಕು?

ಹೊಸ ಕಾರು ತರಲು ಹೋದಾಗ ಪೂಜೆ, ಫೋಟೊ, ಸಿಹಿ ಎಲ್ಲ ಮುಗಿದ ಮೇಲೆ ಕೀಗಳ ವಿಷಯ ಬರುತ್ತದೆ. ಗುಂಡಿಗಳಿರುವ ಎರಡು ರಿಮೋಟ್ ಕೀ, ಅಂದರೆ ಫಾಬ್, ಕೈಗೆ ಬರುತ್ತವೆ. ಕೆಲವು ಮಾದರಿಗಳಲ್ಲಿ ಎಟಿಎಂ ಕಾರ್ಡಿನಷ್ಟೇ ದೊಡ್ಡ ಒಂದು ಕಾರ್ಡ್ ಕೂಡ ಇರುತ್ತದೆ. ಜೊತೆಗೆ "ಮೊಬೈಲಿನಿಂದಲೂ ಬಾಗಿಲು ತೆಗೆಯಬಹುದು" ಎಂಬ ಒಂದು ಸಾಲಿನ ವಿವರಣೆ. ಆ ಮೊಬೈಲ್ ಹೇಗೆ ಬಾಗಿಲು ತೆಗೆಯುತ್ತದೆ, ಎಲ್ಲಿ ತೆಗೆಯುವುದಿಲ್ಲ ಎಂಬುದನ್ನು ಹೇಳುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ. ಬೆಂಗಳೂರಿನಲ್ಲಿ ಇದು ಅಷ್ಟು ದೊಡ್ಡ ತೊಂದರೆಯಲ್ಲ. ಆದರೆ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಸಿಗ್ನಲ್ ಇಲ್ಲದ ಘಟ್ಟ, ವಾರಾಂತ್ಯಕ್ಕೆ ಸಮುದ್ರ ಇವೆಲ್ಲ ಒಟ್ಟಿಗೆ ಇರುವ ಉತ್ತರ ಕನ್ನಡದಲ್ಲಿ ಅದನ್ನು ತಿಳಿದುಕೊಳ್ಳದೆ ಮನೆ ಬಿಡಬಾರದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ದಿನನಿತ್ಯದ ಓಡಾಟಕ್ಕೆ ಫೋನ್ ಅಥವಾ ಫಾಬ್ ಯಾವುದಾದರೂ ಆದೀತು. ಕಾರ್ಡ್ ಇರುವ ಕಾರಾದರೆ ಅದು ಸದಾ ಪಾಕೀಟಿನಲ್ಲೇ ಇರಬೇಕು. ಊರು ದಾಟುವ ಪ್ರಯಾಣಕ್ಕೆ ಒಂದೇ ಕೀ ನಂಬಿ ಹೊರಡಬಾರದು, ಅದರಲ್ಲೂ ಫೋನ್ ಒಂದನ್ನೇ ನಂಬಿ ಹೊರಡಲೇಬಾರದು. ಉಳಿದದ್ದೆಲ್ಲ ಇದನ್ನು ಕೈಯಾರೆ ಹೇಗೆ ಸಿದ್ಧಮಾಡಿಕೊಳ್ಳುವುದು ಎಂಬ ವಿವರ.

ಮೊದಲ ಹೆಜ್ಜೆ: ನಿಮ್ಮ ಫೋನ್ ನಿಜವಾಗಿ ಕೀ ಹೌದೋ ಅಲ್ಲವೋ ನೋಡಿ

ಫಾಬ್ ಎಲ್ಲರಿಗೂ ಗೊತ್ತು. ಜೇಬಿನಲ್ಲಿ ಅದು ಇದ್ದಾಗ ಬಾಗಿಲ ಹಿಡಿಯನ್ನು ಮುಟ್ಟಿದರೆ ಕಾರು ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಒಂದು ಸಂಕೇತ ಬಿಡುತ್ತದೆ. ಅದು ಒಂದೆರಡು ಮೀಟರ್ ಆಚೆ ಹೋಗುವುದಿಲ್ಲ. ಅದನ್ನು ಕೇಳಿಸಿಕೊಂಡ ಫಾಬ್ ರೇಡಿಯೊ ತರಂಗದಲ್ಲಿ, ನಮ್ಮಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಉತ್ತರಿಸುತ್ತದೆ. ಉತ್ತರದ ಗುಪ್ತಸಂಖ್ಯೆ ಪ್ರತಿ ಸಲ ಬದಲಾಗುತ್ತದೆ. ಒಳಗೆ 3 ವೋಲ್ಟಿನ ನಾಣ್ಯದಂಥ ಸೆಲ್ ಇರುತ್ತದೆ.

ಕಾರ್ಡ್ ಕೀಗೆ ಸೆಲ್ ಇಲ್ಲ. ಅದು ಎನ್‌ಎಫ್‌ಸಿ. ಅಂಗಡಿಯಲ್ಲಿ ಯಂತ್ರಕ್ಕೆ ತಾಗಿಸಿ ಹಣ ಪಾವತಿಸುವ ಬ್ಯಾಂಕ್ ಕಾರ್ಡಿನಲ್ಲಿರುವುದೂ ಇದೇ ತಂತ್ರ. 13.56 ಮೆಗಾಹರ್ಟ್ಸ್‌ನಲ್ಲಿ ಕಾರಿನ ರೀಡರ್ ಹೊಮ್ಮಿಸುವ ಶಕ್ತಿಯಿಂದಲೇ ಕಾರ್ಡಿನ ಚಿಪ್ ಎಚ್ಚರಗೊಂಡು ಉತ್ತರ ಕೊಡುತ್ತದೆ. ಕೆಲವೇ ಸೆಂಟಿಮೀಟರ್ ಹತ್ತಿರ ಹಿಡಿಯಬೇಕು. ಮಾದರಿಗೆ ತಕ್ಕಂತೆ ರೀಡರ್ ಬಾಗಿಲ ಹಿಡಿಯಲ್ಲೋ, ಕನ್ನಡಿಯಲ್ಲೋ, ಮುಂದಿನ ಮತ್ತು ಹಿಂದಿನ ಬಾಗಿಲುಗಳ ನಡುವಿನ ಕಂಬದಲ್ಲೋ ಇರುತ್ತದೆ.

ಗೊಂದಲ ಇರುವುದು ಫೋನಿನಲ್ಲಿ. ಫೋನಿನಿಂದ ಕಾರಿನ ಬಾಗಿಲು ತೆಗೆಯುವುದರಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಒಂದರಲ್ಲಿ ಕೀ ಫೋನಿನ ಒಳಗಿನ ಸುರಕ್ಷಿತ ಚಿಪ್‌ನಲ್ಲಿ ಕುಳಿತಿರುತ್ತದೆ. ಎನ್‌ಎಫ್‌ಸಿ, ಬ್ಲೂಟೂತ್ ಅಥವಾ ಅಲ್ಟ್ರಾ ವೈಡ್‌ಬ್ಯಾಂಡ್ (ದೂರವನ್ನು ನಿಖರವಾಗಿ ಅಳೆಯಬಲ್ಲ ರೇಡಿಯೊ ತಂತ್ರ) ಮೂಲಕ ಫೋನು ಕಾರಿನೊಡನೆ ನೇರವಾಗಿ ಮಾತಾಡುತ್ತದೆ, ನಡುವೆ ಇಂಟರ್ನೆಟ್ ಬೇಕಾಗಿಲ್ಲ. ಆಪಲ್ ಕಂಪನಿ 2020ರಲ್ಲಿ ಬಿಎಂಡಬ್ಲ್ಯು ಜೊತೆಗೂಡಿ ಪರಿಚಯಿಸಿದ ಕಾರ್ ಕೀ ಇಂಥದ್ದು. ನಮ್ಮ ದೇಶದಲ್ಲಿ 2024ರ ಹೊಸ ಹುಂಡೈ ಅಲ್ಕಾಜಾರ್‌ನ ಮೇಲ್ದರ್ಜೆಯ ಮಾದರಿಗಳಲ್ಲಿ ಫೋನನ್ನು ಬಾಗಿಲ ಹಿಡಿಗೆ ತಾಗಿಸಿ ತೆಗೆಯುವ ಸೌಲಭ್ಯವೂ ಇದೇ ಜಾತಿಯದು. ಇನ್ನೊಂದು ವ್ಯವಸ್ಥೆಯಲ್ಲಿ ಆ್ಯಪ್ ಒತ್ತಿದರೆ ಆದೇಶ ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿಂದ ಕಾರಿನೊಳಗಿನ ಸಿಮ್‌ಗೆ ಬಂದು, ಆಮೇಲೆ ಬಾಗಿಲು ತೆರೆದುಕೊಳ್ಳುತ್ತದೆ. ಇಲ್ಲಿ ಫೋನಿಗೂ ಸಿಗ್ನಲ್ ಬೇಕು, ಕಾರಿಗೂ ಬೇಕು. ಉಚಿತ ಅವಧಿ ಮುಗಿದ ಮೇಲೆ ಚಂದಾ ಕಟ್ಟದಿದ್ದರೆ ಇದು ನಿಂತೂ ಹೋಗುತ್ತದೆ.

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವಾಗ, ಅಂಕೋಲಾದಿಂದ ಯಲ್ಲಾಪುರಕ್ಕೆ ಅರಬೈಲು ಘಟ್ಟ ಹತ್ತುವಾಗ, ಜೋಯಿಡಾದ ಕಾಡಿನೊಳಗೆ ಎಷ್ಟೋ ಕಡೆ ಮೊಬೈಲಿನಲ್ಲಿ ಒಂದು ಗೆರೆಯೂ ಕಾಣಿಸುವುದಿಲ್ಲ. ಅಲ್ಲಿ ಕಾರು ನಿಲ್ಲಿಸಿ ಇಳಿದವರಿಗೆ ಮೊದಲನೆಯದು ಕೀ. ಎರಡನೆಯದು ಏನೂ ಅಲ್ಲ.

ನಿಮ್ಮದು ಯಾವುದು ಎಂದು ತಿಳಿಯಲು ಮನೆಯಂಗಳದಲ್ಲೇ ಹೀಗೆ ಪರೀಕ್ಷಿಸಿ. ಫಾಬ್ ಮತ್ತು ಕಾರ್ಡ್ ಎರಡನ್ನೂ ಮನೆಯ ಒಳಗೆ, ಕಾರಿನಿಂದ ಹತ್ತಿಪ್ಪತ್ತು ಹೆಜ್ಜೆ ದೂರ ಇಡಿ. ಕಾರಿಗೆ ಬೀಗ ಹಾಕಿ. ಫೋನಿನಲ್ಲಿ ಏರ್‌ಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ನಿಲ್ಲಿಸಿ, ಬ್ಲೂಟೂತ್ ಮತ್ತು ಎನ್‌ಎಫ್‌ಸಿ ಮಾತ್ರ ಮತ್ತೆ ಚಾಲೂ ಮಾಡಿ. ಈಗ ಬಾಗಿಲು ತೆಗೆಯಲು ನೋಡಿ. ತೆರೆದರೆ ಒಳಗೆ ಕುಳಿತು ಸ್ಟಾರ್ಟ್ ಕೂಡ ಮಾಡಿ ನೋಡಿ, ಏಕೆಂದರೆ ಕೆಲವು ಕಾರುಗಳಲ್ಲಿ ಬಾಗಿಲು ಒಂದು ರೀತಿಯಲ್ಲಿ ತೆರೆದರೂ ಸ್ಟಾರ್ಟ್ ಮಾಡಲು ಫೋನನ್ನು ಗೇರ್ ಬಳಿಯ ನಿಗದಿತ ಜಾಗದಲ್ಲಿ ಇಡಬೇಕಾಗುತ್ತದೆ. ಬಾಗಿಲು ತೆರೆಯದಿದ್ದರೆ ನಿಮ್ಮ ಫೋನು ಕೀ ಅಲ್ಲ, ದೂರದಿಂದ ಕೆಲಸ ಮಾಡಿಸುವ ಒಂದು ಸೌಲಭ್ಯ ಅಷ್ಟೇ. ಅದಕ್ಕೂ ಬೆಲೆ ಇದೆ. ಬಿಸಿಲಿಗೆ ನಿಂತ ಕಾರಿನ ಎಸಿ ಮೊದಲೇ ಚಾಲೂ ಮಾಡಬಹುದು, ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಬಂದರೆ ಕುಳಿತಲ್ಲೇ ನೋಡಬಹುದು. ಆದರೆ ಫಾಬ್ ಮನೆಯಲ್ಲಿ ಬಿಟ್ಟು ಅದೊಂದನ್ನೇ ಹಿಡಿದು ಹೊರಡುವುದು ಬೇಡ.

ಎರಡನೆಯದು: ಜೋಡಣೆಯನ್ನು ಪೇಟೆಯಲ್ಲೇ ಮುಗಿಸಿ

ಫೋನಿಗೆ ಕೀ ಇಳಿಸಿಕೊಳ್ಳುವಾಗ, ಬೇರೆಯವರಿಗೆ ಹಂಚುವಾಗ ಮಾತ್ರ ಇಂಟರ್ನೆಟ್ ಮತ್ತು ಒಟಿಪಿ ಬೇಕು. ಸಿದ್ದಾಪುರ, ಶಿರಸಿ ಕಡೆಯ ಎಷ್ಟೋ ತೋಟದ ಮನೆಗಳಲ್ಲಿ ಫೈಬರ್ ಇಂಟರ್ನೆಟ್ ಚೆನ್ನಾಗಿದ್ದರೂ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಆ್ಯಪ್ ತೆರೆದುಕೊಳ್ಳುತ್ತದೆ, ಒಟಿಪಿ ಮಾತ್ರ ಗುಡ್ಡ ಹತ್ತಿದ ಮೇಲೆ ಬರುತ್ತದೆ, ಅಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಆದ್ದರಿಂದ ಕಾರು ಪಡೆದ ದಿನವೇ ಪೇಟೆಯಲ್ಲಿ ಈ ಕೆಲಸ ಮುಗಿಸಿಕೊಳ್ಳಿ.

ಮೂರು ವಿಷಯ ನೋಡಿಕೊಳ್ಳಿ. ನೋಂದಾಯಿತ ಮೊಬೈಲ್ ಸಂಖ್ಯೆ ನಿಮ್ಮದೇ ಆಗಿರಬೇಕು, ಮಾರಾಟ ಪ್ರತಿನಿಧಿಯದೋ ಪರಿಚಯದವರದೋ ಆಗಿರಬಾರದು. ಜೋಡಣೆಯ ಸಮಯದಲ್ಲಿ ಅನೇಕ ಕಾರುಗಳು ಫಾಬ್ ಒಳಗಿರಬೇಕೆಂದು ಕೇಳುತ್ತವೆ, ಕೆಲವು ಎರಡೂ ಫಾಬ್ ಕೇಳುತ್ತವೆ. ಅವು ಜೊತೆಗಿರಲಿ. ಆಂಡ್ರಾಯ್ಡ್ ಫೋನಾದರೆ ಬ್ಯಾಟರಿ ಉಳಿಸುವ ವ್ಯವಸ್ಥೆ ಕಾರಿನ ಆ್ಯಪನ್ನು ಹಿನ್ನೆಲೆಯಲ್ಲಿ ನಿಲ್ಲಿಸಿಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿಗೆ ಬ್ಯಾಟರಿ ನಿರ್ಬಂಧ ಬೇಡ ಎಂದು ಆಯ್ಕೆ ಮಾಡಿ. "ಬ್ಲೂಟೂತ್ ಕೀ ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಮಾಡುವುದಿಲ್ಲ" ಎಂಬ ದೂರಿನ ಹಿಂದೆ ಅನೇಕ ಸಲ ಇದೇ ಕಾರಣ ಇರುತ್ತದೆ.

ಎನ್‌ಎಫ್‌ಸಿ ಫೋನು ತಾಗಿಸುವಾಗ ಇಡೀ ಫೋನನ್ನು ಹಿಡಿಗೆ ಉಜ್ಜುವುದರಿಂದ ಪ್ರಯೋಜನವಿಲ್ಲ. ಫೋನಿನೊಳಗಿನ ಆಂಟೆನಾ ಒಂದೇ ಜಾಗದಲ್ಲಿ ಇರುತ್ತದೆ. ಐಫೋನಿನಲ್ಲಿ ಅದು ಮೇಲಿನ ಅಂಚಿನ ಬಳಿ, ಆಂಡ್ರಾಯ್ಡ್ ಫೋನುಗಳಲ್ಲಿ ಬಹುಪಾಲು ಹಿಂಬದಿಯ ನಡುಭಾಗ ಅಥವಾ ಕ್ಯಾಮೆರಾದ ಕೆಳಗೆ. ಆ ಜಾಗವನ್ನು ರೀಡರ್ ಮೇಲೆ ಇಟ್ಟು ಕೈ ಅಲುಗಿಸದೆ ಒಂದೆರಡು ಸೆಕೆಂಡ್ ತಡೆಯಿರಿ. ಲೋಹದ ಕವರ್, ಹಿಂಬದಿಗೆ ಅಂಟಿಸುವ ಲೋಹದ ಉಂಗುರ, ಕವರಿನೊಳಗೆ ಸಿಕ್ಕಿಸಿಟ್ಟ ಇನ್ನೊಂದು ಕಾರ್ಡ್ ಇವು ಅಡ್ಡಬರುತ್ತವೆ. ಕಾರ್ಡ್ ಕೀಯನ್ನು ಮರೆತೂ ಕಾರಿನ ವೈರ್‌ಲೆಸ್ ಚಾರ್ಜರ್ ಮೇಲೆ ಫೋನಿನ ಜೊತೆ ಇಡಬೇಡಿ. ಚಾರ್ಜರಿನ ಶಕ್ತಿಗೆ ಒಳಗಿನ ಚಿಪ್ ಸುಟ್ಟುಹೋಗಬಹುದು.

ಮಳೆಗಾಲಕ್ಕೆ

ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹೊಸ ಕಾರುಗಳ ಬಾಗಿಲ ಹಿಡಿಯಲ್ಲಿ ಸ್ಪರ್ಶ ಗುರುತಿಸುವ ಸಂವೇದಕ ಇರುತ್ತದೆ. ಜೋರು ಮಳೆಯ ನೀರು ಹಿಡಿಯ ಮೇಲೆ ಸುರಿಯುವಾಗ ಫಾಬ್ ಹತ್ತಿರದಲ್ಲಿದ್ದರೆ ಕಾರು ಅದನ್ನೇ ಕೈ ಎಂದು ತಿಳಿದು ಬೀಗ ತೆಗೆಯುವುದು, ಹಾಕುವುದು ಮಾಡಬಹುದು. ಕಾರು ತೊಳೆಯುವಾಗಲೂ ಹೀಗೆಯೇ. ಆದ್ದರಿಂದ ಪೈಪು ಹಿಡಿಯುವ ಮುನ್ನ ಫಾಬ್ ಒಳಗಿಟ್ಟು ಬನ್ನಿ.

ಇದಕ್ಕಿಂತ ಮುಖ್ಯವಾದದ್ದು ಮನೆಯಲ್ಲಿ ಕೀ ತೂಗುಹಾಕುವ ಜಾಗ. ನಮ್ಮ ಕಡೆ ಕಾರು ನಿಲ್ಲುವುದು ಜಗಲಿಗೆ ತಾಗಿದ ಶೆಡ್ಡಿನಲ್ಲಿ, ಕೀ ತೂಗುವುದು ಜಗಲಿಯ ಗೋಡೆಯ ಮೊಳೆಗೆ. ಎರಡರ ನಡುವೆ ಒಂದು ಗೋಡೆ ಮಾತ್ರ. ಅಷ್ಟು ಹತ್ತಿರವಿದ್ದರೆ ಕಾರು, ಫಾಬ್ ಎರಡೂ ಹಗಲು ರಾತ್ರಿ ಒಂದನ್ನೊಂದು ಹುಡುಕುತ್ತ ಇರಬಹುದು. ಫಾಬಿನ ಸೆಲ್ ಬೇಗ ಮುಗಿಯುತ್ತದೆ, ಕಾರಿನ 12 ವೋಲ್ಟ್ ಬ್ಯಾಟರಿಯೂ ಇಳಿಯುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಕಾರು ಹೊರಡದ ಮನೆಗಳಲ್ಲಿ ಇದರ ಪರಿಣಾಮ ಹೆಚ್ಚು. ಕಡಿಮೆಯೆಂದರೆ ಎರಡು ಮೀಟರ್ ದೂರ ಇರಲಿ ಎಂದು ಕೆಲವು ತಯಾರಕರ ಕೈಪಿಡಿಗಳೇ ಹೇಳುತ್ತವೆ. ಒಳಮನೆಯ ಕಪಾಟು ಇನ್ನೂ ಒಳ್ಳೆಯದು. ಟಿವಿ, ಚಾರ್ಜರ್, ಲ್ಯಾಪ್‌ಟಾಪ್ ಪಕ್ಕದಲ್ಲೂ ಫಾಬ್ ಇಡಬೇಡಿ.

ಮಳೆಯಲ್ಲಿ ಫೋನ್ ಕೀಗೆ ಇನ್ನೊಂದು ತೊಡಕಿದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ, ಬೆರಳು ಒದ್ದೆ. ಫೋನಿನ ಪರದೆ ಬೆರಳಚ್ಚನ್ನು ಒಪ್ಪುವುದಿಲ್ಲ, ಪಿನ್ ಒತ್ತಿದರೆ ತಪ್ಪುತ್ತದೆ. ಪರದೆ ತೆಗೆಯದೆಯೇ ಕೀ ಕೆಲಸ ಮಾಡುವ ಆಯ್ಕೆ ನಿಮ್ಮ ಫೋನಿನಲ್ಲಿದ್ದರೆ, ಐಫೋನಿನಲ್ಲಿ ಅದನ್ನು ಎಕ್ಸ್‌ಪ್ರೆಸ್ ಮೋಡ್ ಎನ್ನುತ್ತಾರೆ, ಅದನ್ನು ಚಾಲೂ ಇಡಿ. ಇಲ್ಲದಿದ್ದರೆ ಮಳೆಗಾಲ ಪೂರ್ತಿ ಕಾರ್ಡ್ ಬಳಸಿ. ಕಾರ್ಡ್ ಒದ್ದೆಯಾದರೂ, ಒದ್ದೆ ಕೈಯಲ್ಲಿ ಹಿಡಿದರೂ ಕೆಲಸ ಮಾಡುತ್ತದೆ. ನಾಲ್ಕು ತಿಂಗಳು ಮಳೆ ಹೊಯ್ಯುವ ಊರಿನವರಿಗೆ ಕಾರ್ಡ್ ಕೀಯಷ್ಟು ಅನುಕೂಲ ಬೇರೊಂದಿಲ್ಲ ಎಂದು ನಾನು ನಂಬಿದ್ದೇನೆ.

ಹೆದ್ದಾರಿ ಬಂದ್ ಆಗುವ ದಿನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು, ದಾರಿ ದಿನಗಟ್ಟಲೆ ಮುಚ್ಚಿತ್ತು. ಅಂಥ ಸಮಯದಲ್ಲಿ ರಸ್ತೆಯಲ್ಲಿ ಗಂಟೆಗಟ್ಟಲೆ ಸಿಕ್ಕಿಬಿದ್ದವರಿಗೆ ಫೋನಿನ ಕೊನೆಯ ಚಾರ್ಜ್ ಮನೆಗೆ ಸುದ್ದಿ ಮುಟ್ಟಿಸಲು ಬೇಕು. ಅದೇ ಫೋನು ಕಾರಿನ ಏಕೈಕ ಕೀ ಆಗಿರಬಾರದು. ಬ್ಯಾಟರಿ ತಾನಾಗಿ ಮುಗಿದ ಐಫೋನಿನಲ್ಲಿ ಎಕ್ಸ್‌ಪ್ರೆಸ್ ಮೋಡ್ ಇದ್ದರೆ ಎನ್‌ಎಫ್‌ಸಿ ಕೀ ಐದು ಗಂಟೆಯವರೆಗೆ ಉಳಿಯಬಹುದು ಎಂದು ಆಪಲ್ ಹೇಳುತ್ತದೆ. ಎಲ್ಲ ಫೋನುಗಳಿಗೂ ಈ ಸೌಲಭ್ಯವಿಲ್ಲ.

ಸಮುದ್ರಕ್ಕೆ ಇಳಿಯುವ ದಿನ

ಕಾರವಾರದ ಟಾಗೋರ್ ಕಡಲತೀರ, ಗೋಕರ್ಣದ ಓಂ ಬೀಚ್, ಮುರ್ಡೇಶ್ವರ, ಎಲ್ಲಿಗೆ ಹೋದರೂ ನೀರಿಗಿಳಿಯುವವರ ಪ್ರಶ್ನೆ ಒಂದೇ: ಕೀ ಎಲ್ಲಿಡುವುದು? ಹಳೆಯ ಕಾಲದಲ್ಲಿ ಕೀಯನ್ನು ಚಕ್ರದ ಮೇಲೆ, ಬಂಪರ್ ಸಂದಿಯಲ್ಲಿ ಅಡಗಿಸಿಡುತ್ತಿದ್ದರು. ಫಾಬನ್ನು ಎಂದಿಗೂ ಹಾಗೆ ಇಡಬೇಡಿ. ಅದು ಕಾರಿನ ಹತ್ತಿರವೇ ಇರುವುದರಿಂದ ಯಾರು ಹಿಡಿ ಮುಟ್ಟಿದರೂ ಬಾಗಿಲು ತೆರೆಯುತ್ತದೆ, ಕೆಲವು ಕಾರುಗಳು ಗುಂಡಿ ಒತ್ತಿದರೆ ಹೊರಡಲೂಬಹುದು. ಅಡಗಿಸಿಟ್ಟ ಜಾಗವನ್ನು ಕಳ್ಳ ಹುಡುಕಬೇಕಾಗಿಯೇ ಇಲ್ಲ.

ಕಾರ್ಡ್ ಇರುವವರಿಗೆ ಇದು ಸುಲಭ. ಕಾರ್ಡನ್ನು ನೀರು ಹೋಗದ ಪ್ಲಾಸ್ಟಿಕ್ ಪೌಚಿನಲ್ಲಿ ಹಾಕಿ ಕೊರಳಿಗೋ ಸೊಂಟಕ್ಕೋ ಕಟ್ಟಿಕೊಳ್ಳಿ. ನೀರು ತಗಲಿದರೂ ಅದಕ್ಕೆ ಹಾನಿಯಿಲ್ಲ. ಮನೆಗೆ ಬಂದು ಸಿಹಿನೀರಿನಲ್ಲಿ ತೊಳೆದು ಒರೆಸಿದರಾಯಿತು. ಬಗ್ಗಿಸಬಾರದು, ಅಷ್ಟೇ. ಸಮೀಪದ ಕಡಲತೀರಕ್ಕಾದರೆ ಫಾಬ್ ಮನೆಯಲ್ಲಿರಲಿ, ದೂರದಿಂದ ಬಂದವರು ಅದನ್ನು ನೀರಿಗಿಳಿಯದವರ ಕೈಗೆ ಕೊಡಲಿ. ಫಾಬ್ ಮಾತ್ರ ಇರುವವರು ನೀರಿಗಿಳಿಯದ ಒಬ್ಬರ ಕೈಗೆ ಅದನ್ನು ಕೊಡುವುದೇ ಸರಿ. ಫಾಬನ್ನು ಕಾರಿನೊಳಗೇ ಬಿಟ್ಟು ಬೇರೊಂದು ಕೀಯಿಂದ ಬೀಗ ಹಾಕಬಹುದೇ ಎಂದು ಕೇಳುವವರಿದ್ದಾರೆ. ಕೆಲವು ಕಾರುಗಳು ಒಳಗುಳಿದ ಫಾಬನ್ನು ನಿಷ್ಕ್ರಿಯಗೊಳಿಸುತ್ತವೆ, ಕೆಲವು ಬೀಗ ಹಾಕಲು ಒಪ್ಪದೆ ಕೂಗುತ್ತವೆ. ಕೈಪಿಡಿ ಓದಿ ಮನೆಯಲ್ಲಿ ಪರೀಕ್ಷಿಸದೆ ಕಡಲತೀರದಲ್ಲಿ ಇದನ್ನು ಮಾಡಲು ಹೋಗಬೇಡಿ.

ಫಾಬ್ ಉಪ್ಪುನೀರಿಗೆ ಬಿದ್ದೇ ಬಿಟ್ಟರೆ ಮೊದಲ ಕೆಲಸ ಸೆಲ್ ತೆಗೆಯುವುದು. ಸೆಲ್ ಒಳಗಿದ್ದಷ್ಟು ಹೊತ್ತು ಉಪ್ಪುನೀರಿನ ಮೂಲಕ ವಿದ್ಯುತ್ ಹರಿದು ತಾಮ್ರದ ಗೆರೆಗಳು ಹಸಿರುಗಟ್ಟುತ್ತವೆ. ಆಮೇಲೆ ಒಳಗಿನ ಹಲಗೆಯನ್ನು ಸಿಹಿನೀರಿನಲ್ಲಿ, ಸಿಕ್ಕರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆಯಿರಿ. ನೀರು ಒದರಿ, ಫ್ಯಾನ್ ಕೆಳಗೆ ಒಂದೆರಡು ದಿನ ಒಣಗಿಸಿ, ಹೊಸ ಸೆಲ್ ಹಾಕಿ. ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟರೆ ತೇವ ಹೋಗುತ್ತದೆಂಬ ನಂಬಿಕೆಯಿದೆ. ಅಕ್ಕಿ ಉಪ್ಪನ್ನು ತೆಗೆಯುವುದಿಲ್ಲ, ಫಾಬ್ ಹಾಳುಮಾಡುವುದು ಆ ಉಪ್ಪೇ.

ಫಾಬಿನ ಸೆಲ್ ಬದಲಿಸುವುದು

ಸೆಲ್ ಇಳಿಯುತ್ತ ಬಂದಾಗ ಗುಂಡಿ ಒತ್ತಿದರೆ ಹತ್ತಿರ ಹೋಗದೆ ಬೀಗ ತೆರೆಯುವುದಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಕೀ ಬ್ಯಾಟರಿ ಕಡಿಮೆ ಎಂಬ ಸೂಚನೆ ಬರುತ್ತದೆ. ಆಗಲೇ ಬದಲಿಸಿ, ಪೂರ್ತಿ ಸಾಯುವವರೆಗೆ ಕಾಯಬೇಡಿ. ಇದಕ್ಕಾಗಿ ಸರ್ವಿಸ್ ಸೆಂಟರ್‌ಗೆ ಹೋಗಬೇಕಾಗಿಲ್ಲ.

ಫಾಬಿನ ಬದಿಯ ಚಿಕ್ಕ ಗುಂಡಿಯನ್ನು ಒತ್ತಿ ಎಳೆದರೆ ಒಳಗಿನ ಲೋಹದ ಕೀ ಹೊರಬರುತ್ತದೆ. ಅದು ಇದ್ದ ಸಂದಿಯಲ್ಲಿ ಚಪ್ಪಟೆ ಸ್ಕ್ರೂಡ್ರೈವರಿನ ತುದಿಗೆ ತೆಳು ಬಟ್ಟೆ ಸುತ್ತಿ ತೂರಿಸಿ ಮೆಲ್ಲಗೆ ತಿರುಗಿಸಿ. 'ಟಕ್' ಎಂದು ಎರಡು ಹೋಳಾಗುತ್ತದೆ. ಈಗ ನಿಂತು ನೋಡಿ: ಸೆಲ್‌ನ ಯಾವ ಮುಖ ಮೇಲಿದೆ, ಅದರ ಮೇಲೆ ಯಾವ ಸಂಖ್ಯೆಯಿದೆ. ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಸಾಮಾನ್ಯವಾಗಿ ಸಿಆರ್ 2032 ಇರುತ್ತದೆ. 20 ಎಂದರೆ 20 ಮಿಲಿಮೀಟರ್ ಅಗಲ, 32 ಎಂದರೆ 3.2 ಮಿಲಿಮೀಟರ್ ದಪ್ಪ. ಸಿಆರ್ 2025 ಅಷ್ಟೇ ಅಗಲವಿದ್ದರೂ 2.5 ಮಿಲಿಮೀಟರ್ ದಪ್ಪ ಮಾತ್ರ. 2032ರ ಬದಲು 2025 ಹಾಕಿದರೆ ಸಡಿಲವಾಗಿ ಕುಳಿತು, ಕಾರು ಕುಲುಕಿದಾಗಲೆಲ್ಲ ಸಂಪರ್ಕ ತಪ್ಪುತ್ತದೆ. ಗಡಿಯಾರದ ಅಂಗಡಿಯಲ್ಲಿ ಸಂಖ್ಯೆ ಹೇಳಿಯೇ ಕೇಳಿ, ಮೊಹರು ಒಡೆಯದ ಪ್ಯಾಕೆಟ್ ತನ್ನಿ. ಹಾಕುವಾಗ ಅಂಚನ್ನು ಹಿಡಿಯಿರಿ, ಎರಡೂ ಮುಖಗಳಿಗೆ ಬೆರಳಿನ ಜಿಡ್ಡು ತಾಗಿಸಬೇಡಿ. ಕರಾವಳಿಯ ತೇವದಲ್ಲಿ ಒಳಗಿನ ತಗಡುಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಒಣಬಟ್ಟೆಯಿಂದ ಒರೆಸಿ. ಅಂಚಿನ ರಬ್ಬರ್ ಪಟ್ಟಿ ಸರಿಯಾಗಿ ಕುಳಿತಿದೆಯೇ ನೋಡಿ, ಆಮೇಲೆ ಹೋಳುಗಳನ್ನು ಒತ್ತಿ ಮುಚ್ಚಿ.

ತೆಗೆದ ಹಳೆಯ ಸೆಲ್ ಮಕ್ಕಳ ಕೈಗೆ ಸಿಗಲೇಬಾರದು. ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡು ಗಂಟೆಯೊಳಗೆ ತೀವ್ರವಾಗಿ ಸುಡಬಲ್ಲದು. ಬಳಸಿ ಮುಗಿದ ಸೆಲ್‌ನಲ್ಲೂ ಅಷ್ಟು ಶಕ್ತಿ ಉಳಿದಿರುತ್ತದೆ. ಮಗು ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಕಾಯದೆ ದೊಡ್ಡ ಆಸ್ಪತ್ರೆಗೆ ಹೊರಡಿ. ಹಳೆಯ ಸೆಲ್‌ಗೆ ಎರಡೂ ಬದಿ ಟೇಪ್ ಅಂಟಿಸಿ ಎತ್ತರದಲ್ಲಿಟ್ಟು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ದಾರಿಯಲ್ಲೇ ಸೆಲ್ ಸತ್ತರೆ? ಫಾಬಿನೊಳಗಿನ ಲೋಹದ ಕೀಯಿಂದ ಚಾಲಕನ ಬಾಗಿಲು ತೆಗೆಯಿರಿ. ಕೀ ತೂರಿಸುವ ರಂಧ್ರ ಅನೇಕ ಕಾರುಗಳಲ್ಲಿ ಹಿಡಿಯ ತುದಿಯ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಅಡಗಿರುತ್ತದೆ. ಮುಚ್ಚಳದ ಕೆಳಗಿನ ಸಣ್ಣ ಸೀಳಿಗೆ ಕೀ ತುದಿಯಿಟ್ಟು ಎಬ್ಬಿಸಬೇಕು. ಹೀಗೆ ತೆಗೆದಾಗ ಅಲಾರಂ ಕೂಗಬಹುದು, ಗಾಬರಿಯಾಗಬೇಡಿ. ಒಳಗೆ ಕುಳಿತು ಬ್ರೇಕ್ ಒತ್ತಿ, ಕ್ಲಚ್ ಇದ್ದರೆ ಅದನ್ನೂ ಒತ್ತಿ, ಫಾಬನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದು ಒತ್ತಿ. ಸೆಲ್ ಇಲ್ಲದಿದ್ದರೂ ಫಾಬಿನೊಳಗಿನ ಇನ್ನೊಂದು ಚಿಪ್ ಕಾರಿನಿಂದಲೇ ಶಕ್ತಿ ಪಡೆದು ಗುರುತು ಹೇಳುತ್ತದೆ. ಕೆಲವು ಕಾರುಗಳಲ್ಲಿ ಫಾಬ್ ಇಡುವ ಜಾಗ ಲೋಟ ಇಡುವ ಗುಳಿಯಲ್ಲಿ ಅಥವಾ ನಡುವಿನ ಪೆಟ್ಟಿಗೆಯ ತಳದಲ್ಲಿರುತ್ತದೆ. ನಿಮ್ಮ ಕಾರಿನಲ್ಲಿ ಅದು ಎಲ್ಲಿದೆ ಎಂಬುದನ್ನು ಮನೆಯ ಚಾಲಕರೆಲ್ಲರೂ ಒಮ್ಮೆ ಕೈಯಾರೆ ಮಾಡಿ ನೋಡಿರಬೇಕು.

ಆ ರಂಧ್ರವನ್ನು ಆರು ತಿಂಗಳಿಗೊಮ್ಮೆಯಾದರೂ ಬಳಸಿ. ವರ್ಷಗಟ್ಟಲೆ ಮುಟ್ಟದ ಬೀಗ ಉಪ್ಪುಗಾಳಿಗೆ ಜಾಮ್ ಆಗಿರುತ್ತದೆ. ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಅದು ಧೂಳು ಹಿಡಿದು ಅಂಟಾಗುತ್ತದೆ. ಗ್ರಾಫೈಟ್ ಪುಡಿ ಅಥವಾ ಒಣ ಲೂಬ್ರಿಕಂಟ್ ಸ್ಪ್ರೇ ಹಾಕಿ.

12 ವೋಲ್ಟ್ ಬ್ಯಾಟರಿ ಇಳಿದಾಗ

ಇದು ಸತ್ತರೆ ಫೋನ್, ಕಾರ್ಡ್, ಫಾಬ್ ಮೂರೂ ಒಟ್ಟಿಗೆ ನಿಲ್ಲುತ್ತವೆ, ಏಕೆಂದರೆ ಅವನ್ನು ಗುರುತಿಸಬೇಕಾದ ಕಾರೇ ಮಲಗಿರುತ್ತದೆ. ಇಲೆಕ್ಟ್ರಿಕ್ ಕಾರಿನಲ್ಲಿ ದೊಡ್ಡ ಬ್ಯಾಟರಿ ತುಂಬಿದ್ದರೂ ಬಾಗಿಲು, ಕಂಪ್ಯೂಟರುಗಳು ನಡೆಯುವುದು ಈ ಚಿಕ್ಕ ಬ್ಯಾಟರಿಯಿಂದಲೇ. ಲೋಹದ ಕೀಯಿಂದ ಬಾಗಿಲು ತೆಗೆದು, ಬಾನೆಟ್ ಎತ್ತಿ, ಬೇರೊಂದು ಬ್ಯಾಟರಿಯಿಂದ ವಿದ್ಯುತ್ ಕೊಟ್ಟು ಜಂಪ್ ಸ್ಟಾರ್ಟ್ ಮಾಡಿಸಬೇಕು. ಟೆಸ್ಲಾದಂತೆ ಹೊರಗೆ ರಂಧ್ರವೇ ಇಲ್ಲದ ಕಾರುಗಳಲ್ಲಿ ಹೊರಗಿನಿಂದ ವಿದ್ಯುತ್ ಕೊಡುವ ಬೇರೆ ದಾರಿಯನ್ನು ಕೈಪಿಡಿಯಲ್ಲಿ ತೋರಿಸಿರುತ್ತಾರೆ. ಲೋಹದ ಕೀ ಇರುವುದು ಫಾಬಿನಲ್ಲಿ ಮಾತ್ರ ಎಂಬುದನ್ನು ಗಮನಿಸಿ. ದೂರದ ಪ್ರಯಾಣಕ್ಕೆ, ಘಟ್ಟ ದಾಟುವ ದಾರಿಗೆ ಕಾರ್ಡ್ ಇದ್ದರೂ ಫಾಬ್ ಜೊತೆಗಿರಲಿ ಎನ್ನುವುದು ಇದಕ್ಕೇ.

ಕೀ ಹಂಚುವುದು, ಕೀ ಜೊತೆ ರೈಲು ಹತ್ತುವುದು

ಭಾವನನ್ನು ಅಂಕೋಲಾ ರೈಲು ನಿಲ್ದಾಣಕ್ಕೆ ಬಿಡಲು ಅಕ್ಕನೂ ಜೊತೆಗೆ ಹೊರಡುತ್ತಾಳೆ ಎಂದುಕೊಳ್ಳಿ. ಕಾರು ಓಡಿಸಿದ್ದು ಭಾವ, ಫಾಬ್ ಅವರ ಅಂಗಿ ಜೇಬಿನಲ್ಲಿದೆ. ಇಂಜಿನ್ ನಿಲ್ಲಿಸದೆ ಇಳಿದು ರೈಲು ಹತ್ತುತ್ತಾರೆ. ಅಕ್ಕ ಚಾಲಕನ ಸೀಟಿಗೆ ಬಂದು ಕುಳಿತು ಹೊರಡುತ್ತಾಳೆ. ಕಾರು ಒಮ್ಮೆ ಕೂಗಿ ಕೀ ಇಲ್ಲವೆಂದು ಪರದೆಯಲ್ಲಿ ತೋರಿಸುತ್ತದೆ, ಆದರೆ ನಿಲ್ಲುವುದಿಲ್ಲ. ಓಡುವ ಕಾರು ನಡುರಸ್ತೆಯಲ್ಲಿ ನಿಂತರೆ ಅಪಾಯವೆಂದು ಹಾಗೆ ಮಾಡಿರುತ್ತಾರೆ. ದಾರಿಯಲ್ಲಿ ತರಕಾರಿಗೆಂದು ಕಾರು ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಅಷ್ಟರಲ್ಲಿ ಫಾಬ್ ಗೋವಾ ಗಡಿ ದಾಟಿರುತ್ತದೆ.

ಇದಕ್ಕೆ ಪರಿಹಾರ ಸರಳ. ಕಾರು ಓಡಿಸುವ ಪ್ರತಿಯೊಬ್ಬರ ಬಳಿಯೂ ಅವರದೇ ಕೀ ಇರಬೇಕು. ಫೋನ್ ಕೀಯ ನಿಜವಾದ ಅನುಕೂಲ ಇಲ್ಲಿದೆ. ಹೊಸ ಫಾಬ್ ಮಾಡಿಸಲು ಸಾವಿರಗಟ್ಟಲೆ ರೂಪಾಯಿ ಬೇಕು, ದಿನಗಟ್ಟಲೆ ಕಾಯಬೇಕು. ಫೋನ್ ಕೀಯನ್ನು ಹೆಂಡತಿಗೆ, ಬೆಂಗಳೂರಿನಿಂದ ರಜೆಗೆ ಬರುವ ಮಗಳಿಗೆ ಕೂತಲ್ಲಿಂದಲೇ ಕಳಿಸಬಹುದು. ಅನೇಕ ವ್ಯವಸ್ಥೆಗಳಲ್ಲಿ ಅವಧಿ ನಿಗದಿ ಮಾಡಬಹುದು, ಬೇಡವಾದಾಗ ರದ್ದುಮಾಡಬಹುದು. ಬಾಡಿಗೆ ಚಾಲಕರನ್ನು ಒಂದೆರಡು ದಿನಕ್ಕೆ ಕರೆಸುವವರು ಈ ಅವಧಿಯ ಸೌಲಭ್ಯವನ್ನು ಖಂಡಿತ ಬಳಸಿಕೊಳ್ಳಬೇಕು. ಹಂಚುವ ಹೊತ್ತಿನಲ್ಲಿ ಎರಡೂ ಕಡೆ ಇಂಟರ್ನೆಟ್ ಬೇಕು, ಪಡೆದವರು ಒಮ್ಮೆಯಾದರೂ ಕಾರಿನ ಬಳಿ ಪರೀಕ್ಷಿಸಿರಬೇಕು.

ಗ್ಯಾರೇಜಿಗೆ, ಜಾತ್ರೆಯ ಪಾರ್ಕಿಂಗಿನಲ್ಲಿ ಕಾರು ಸರಿಸುವವರಿಗೆ ಫೋನು ಕೊಡಲಾಗದು. ಶಿರಸಿಯ ಮಾರಿಕಾಂಬಾ ಜಾತ್ರೆಯಂಥ ಜನಸಂದಣಿಯಲ್ಲಿ ಕೀ ಬಿಟ್ಟು ಹೋಗಬೇಕಾಗಿ ಬಂದರೆ ಕಾರ್ಡ್ ಕೊಡಿ, ಬಳಸುವ ರೀತಿಯನ್ನು ತೋರಿಸಿಕೊಡಿ.

ಕಳ್ಳತನದ ಭಯ

ಇಬ್ಬರು ಕಳ್ಳರು, ಒಬ್ಬ ಮನೆಯ ಬಾಗಿಲ ಬಳಿ, ಇನ್ನೊಬ್ಬ ಕಾರಿನ ಬಳಿ ನಿಂತು, ಒಳಗಿರುವ ಫಾಬಿನ ಸಂಕೇತವನ್ನು ಯಂತ್ರದಿಂದ ದೂರಕ್ಕೆ ಹಾಯಿಸಿ ಕಾರು ತೆಗೆಯುವ ವಿಧಾನ ಇದೆ. ಹಳೆಯ ಬಗೆಯ ಫಾಬ್, ಕೆಲವು ಬ್ಲೂಟೂತ್ ಕೀಗಳು ಇದಕ್ಕೆ ಸಿಲುಕಬಹುದು. ಕಾರ್ಡನ್ನು ತಾಗಿಸಲೇಬೇಕಾದ್ದರಿಂದ ಪಾಕೀಟಿನಲ್ಲಿರುವ ಅದಕ್ಕೆ ಈ ಭಯ ಬಹಳ ಕಡಿಮೆ. ಅಲ್ಟ್ರಾ ವೈಡ್‌ಬ್ಯಾಂಡ್ ಸಂಕೇತ ಬಂದುಹೋಗುವ ಸಮಯವನ್ನೇ ಅಳೆದು ದೂರ ಲೆಕ್ಕಹಾಕುತ್ತದೆ, ಆದ್ದರಿಂದ ಅದನ್ನು ಹೀಗೆ ವಂಚಿಸುವುದು ಕಷ್ಟ. ಕಾರವಾರದ ಅಪಾರ್ಟ್‌ಮೆಂಟುಗಳಲ್ಲಿ, ರಸ್ತೆ ಬದಿ ಕಾರು ನಿಲ್ಲಿಸುವವರು ಫಾಬನ್ನು ರಾತ್ರಿ ಮುಚ್ಚಳ ಬಿಗಿಯಾಗಿರುವ ತಗಡಿನ ಡಬ್ಬಿಯಲ್ಲಿಡಬಹುದು. ಡಬ್ಬಿಯನ್ನು ಕಾರಿನ ಬಳಿ ಒಯ್ದು ಹಿಡಿ ಮುಟ್ಟಿ ನೋಡಿ. ಬಾಗಿಲು ತೆರೆದರೆ ಡಬ್ಬಿ ಪ್ರಯೋಜನವಿಲ್ಲ. ಆದರೂ ನಮ್ಮ ಕಡೆಯವರು ಹೆಚ್ಚು ಎಚ್ಚರ ವಹಿಸಬೇಕಾದ್ದು ನೀರು, ಉಪ್ಪಿನ ವಿಷಯದಲ್ಲಿ ಎಂದೇ ನನ್ನ ಎಣಿಕೆ.

ಕಳೆದುಹೋದರೆ, ಮಾರಿದರೆ

ಫೋನ್ ಕಳೆದರೆ ಇನ್ನೊಂದು ಸಾಧನದಿಂದ ಖಾತೆಗೆ ಹೋಗಿ ಕೀ ರದ್ದುಮಾಡಿ. ಕಾರ್ಡ್ ಕಳೆದರೆ ಹಲವು ಕಾರುಗಳ ಪರದೆಯಲ್ಲೇ ಅದನ್ನು ತೆಗೆದುಹಾಕಬಹುದು. ಫಾಬ್ ಕಳೆದರೆ ಉಳಿದದ್ದನ್ನು ಹಿಡಿದು ಸರ್ವಿಸ್ ಸೆಂಟರ್‌ಗೆ ಹೋಗಿ ಕಳೆದದ್ದರ ಗುರುತನ್ನು ಕಾರಿನಿಂದ ಅಳಿಸಬೇಕು. ಪೊಲೀಸ್ ದೂರಿನ ಪ್ರತಿ ಇಟ್ಟುಕೊಳ್ಳಿ, ವಿಮೆಗೆ ಬೇಕಾಗುತ್ತದೆ. ಮುಂದೆಂದಾದರೂ ಕಾರು ಕಳುವಾದರೆ ವಿಮಾ ಕಂಪನಿಗಳು ಎರಡೂ ಮೂಲ ಕೀಗಳನ್ನು ಕೇಳುತ್ತವೆ.

ಹಳೆಯ ಕಾರು ಕೊಳ್ಳುವವರು ಎರಡು ಫಾಬ್, ಕಾರ್ಡ್ ಇದ್ದರೆ ಅದು, ಎರಡೂ ಲೋಹದ ಕೀಗಳು ಎಲ್ಲವನ್ನೂ ಎಣಿಸಿ ಪಡೆಯಿರಿ. ಹಣ ಕೊಡುವ ಮುನ್ನ ಮಾರುವವರ ಎದುರಿಗೇ ಆ್ಯಪಿನಿಂದ ಅವರ ಖಾತೆ ತೆಗೆಸಿ, ಕಾರಿನ ಪರದೆಯಲ್ಲಿ ಡಿಜಿಟಲ್ ಕೀಗಳ ಪಟ್ಟಿ ತೆರೆಸಿ, ಎಲ್ಲವನ್ನೂ ಅಳಿಸಿ. ಆರ್‌ಸಿ ಹೆಸರು ಬದಲಾದ ಮಾತ್ರಕ್ಕೆ ಹಳೆಯ ಮಾಲೀಕರ ಫೋನಿನಲ್ಲಿರುವ ಕೀ ತಾನಾಗಿ ಹೋಗುವುದಿಲ್ಲ. ಪಟ್ಟಿ ಖಾಲಿಯಾದ ಮೇಲೆ ನಿಮ್ಮ ಫೋನನ್ನು ಅಲ್ಲೇ ಜೋಡಿಸಿ, ಬೀಗ ಹಾಕಿ, ತೆಗೆದು, ಸ್ಟಾರ್ಟ್ ಮಾಡಿ ನೋಡಿ, ಆಮೇಲೆ ಹಣ ಎಣಿಸಿ.